ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಟ್ರೇಡ್ ಆಚೆ ಬೇಕಾಗುವ ಕೌಶಲಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಸ್ ಮುಗಿಸಿದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ, ಪಾಠ ಮಾಡುವವರು, ಕೆಲಸ ಕೊಡುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ ಓದಲೇಬೇಕು ಅಂತಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಕೆಲಸ ಹುಡುಕುವಾಗ

ಎರಡು ವರ್ಷ ಫಿಟ್ಟರ್ ಕಲಿತಿದ್ದೀನಿ, ಕೈಯಲ್ಲಿ ಕೆಲಸ ಇದೆ. ಇನ್ನು ಈ ಲೈಫ್ ಸ್ಕಿಲ್ಸ್ ಅಂತ ಬೇರೆ ಏನು ಸಾರ್?

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳ ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಕಷ್ಟ ಅರಿಯುವುದು, ಸರಿಯಾಗಿ ಮಾತಾಡುವುದು, ಜನರ ಜೊತೆ ಹೊಂದಿಕೊಳ್ಳುವುದು, ತೀರ್ಮಾನ ಮಾಡುವುದು, ಸಮಸ್ಯೆ ಬಿಡಿಸುವುದು, ಹೊಸದಾಗಿ ಯೋಚಿಸುವುದು, ಸರಿ ತಪ್ಪು ತೂಗಿ ನೋಡುವುದು, ಸಿಟ್ಟು ದುಃಖ ನಿಭಾಯಿಸುವುದು, ಒತ್ತಡ ತಡೆದುಕೊಳ್ಳುವುದು. ಓದಿದರೆ ನೀತಿಪಾಠದ ಥರ ಕಾಣುತ್ತದೆ.

ಶಾಪ್ ಫ್ಲೋರ್‌ನಲ್ಲಿ ಇವು ಬೇರೆ ರೂಪದಲ್ಲಿ ಬರುತ್ತವೆ. ಡ್ರಾಯಿಂಗ್‌ನ ಒಂದು ಅಳತೆ ಅರ್ಥವಾಗದಿದ್ದರೆ ಯಾರನ್ನು, ಹೇಗೆ ಕೇಳೋದು? ಪಕ್ಕದ ಮೆಷಿನ್‌ನವನು ತನ್ನ ತಪ್ಪನ್ನು ನಿಮ್ಮ ಮೇಲೆ ಹಾಕಿದರೆ ಏನು ಹೇಳೋದು? ಸಂಬಳದಲ್ಲಿ ಕಡಿತವಾದದ್ದು ಎಲ್ಲಿಗೆ ಹೋಯಿತು? ಹೊಸಬರು ಮೊದಲ ಆರು ತಿಂಗಳಲ್ಲಿ ಕೆಲಸ ಬಿಡುವಾಗ ಹೇಳುವ ಕಾರಣಗಳನ್ನು ಕೇಳಿ ನೋಡಿ. ಫೈಲಿಂಗ್ (ಅರ ಉಜ್ಜುವುದು) ಬರಲಿಲ್ಲ ಅಂತ ಬಿಟ್ಟವರು ಸಿಗುವುದು ಅಪರೂಪ. ರೂಮು, ಊಟ, ಬೈಗುಳ, ಸಂಬಳ, ಇವೇ ಜಾಸ್ತಿ.

ಎಂಪ್ಲಾಯಬಿಲಿಟಿ ಸ್ಕಿಲ್ಸ್ ಪೇಪರ್ ಪಾಸಾಗಿದ್ದೀನಲ್ಲ. ಅದು ಸಾಲಲ್ವಾ?

ಪಾಸಾಗಿದ್ದು ಒಳ್ಳೆಯದೇ. ಇಂಗ್ಲಿಷ್, ಕಂಪ್ಯೂಟರ್, ಹಣಕಾಸು, ಕಾರ್ಮಿಕರ ಹಕ್ಕು, ಸ್ವಂತ ಉದ್ಯಮ ಎಲ್ಲವೂ ಆ ಪಠ್ಯದಲ್ಲಿವೆ. ಪಠ್ಯದಲ್ಲಿ ನನಗೇನೂ ದೊಡ್ಡ ಕೊರತೆ ಕಾಣುವುದಿಲ್ಲ. ತೊಂದರೆ ಇರುವುದು ಪರೀಕ್ಷೆಯಲ್ಲಿ. ನಾಲ್ಕು ಉತ್ತರ ಕೊಟ್ಟು ಒಂದನ್ನು ಟಿಕ್ ಮಾಡಿ ಅಂದರೆ, ಸಿಟ್ಟು ಬಂದಾಗ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಎಲ್ಲರೂ ಸರಿ ಉತ್ತರವನ್ನೇ ಹಾಕುತ್ತಾರೆ. ನಿಜವಾಗಿ ಸಿಟ್ಟು ಬಂದಾಗ ಕಥೆ ಬೇರೆ. ವೆಲ್ಡಿಂಗ್ ಬಗ್ಗೆ ಓದಿ ವೆಲ್ಡರ್ ಆಗೋಕೆ ಆಗಲ್ಲ. ಇದೂ ಹಾಗೇ, ಮಾಡಿ ಮಾಡಿ ರೂಢಿ ಆಗಬೇಕು.

ಇಂಗ್ಲಿಷ್ ಬರಲ್ಲ ಸಾರ್. ಇಂಟರ್‌ವ್ಯೂನಲ್ಲಿ ಬಾಯೇ ಹೊರಡಲ್ಲ. ಏನು ಮಾಡಲಿ?

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ಬಾಯಿ ಹೊರಡದಿರುವುದಕ್ಕೆ ಇಂಗ್ಲಿಷ್ ಕಾರಣವೋ, ಅಭ್ಯಾಸ ಇಲ್ಲದಿರುವುದು ಕಾರಣವೋ? ಪರೀಕ್ಷೆ ಮಾಡಿ ನೋಡಿ. "ನೀನು ವರ್ಕ್‌ಶಾಪ್‌ನಲ್ಲಿ ಮಾಡಿದ ಒಂದು ಜಾಬ್ ಬಗ್ಗೆ ಹೇಳು" ಅಂತ ಗೆಳೆಯನಿಗೆ ಕೇಳಲು ಹೇಳಿ, ಕನ್ನಡದಲ್ಲೇ ಎರಡು ನಿಮಿಷ ಉತ್ತರ ಕೊಡಿ. ಹೆಚ್ಚಿನವರು ಮೂರು ವಾಕ್ಯಕ್ಕೆ ನಿಂತುಬಿಡುತ್ತಾರೆ. ಅಂದರೆ ಕೊರತೆ ಇರುವುದು ಭಾಷೆಯಲ್ಲಿ ಮಾತ್ರ ಅಲ್ಲ.

ಆದ್ದರಿಂದ ಕನ್ನಡದಲ್ಲಿ ಶುರು ಮಾಡಿ. ಯಾವ ಮೆಟೀರಿಯಲ್, ಎಷ್ಟು ಅಳತೆ, ಯಾವ ಟೂಲ್, ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ. ಈ ಐದಕ್ಕೆ ಉತ್ತರ ಸಿದ್ಧವಾದರೆ ಅರ್ಧ ಇಂಟರ್‌ವ್ಯೂ ಮುಗಿದ ಹಾಗೆ. ವರ್ನಿಯರ್‌ನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಎಷ್ಟು, ಮೈಕ್ರೋಮೀಟರ್‌ದು ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. 0.02 ಮಿ.ಮೀ., 0.01 ಮಿ.ಮೀ. ಅಂತ ಉತ್ತರ ಹೇಳುವುದಷ್ಟೇ ಅಲ್ಲ, ಕೈಗೆ ಕೊಟ್ಟರೆ ಓದಿ ತೋರಿಸಬೇಕು.

ಆಮೇಲೆ ಇಂಗ್ಲಿಷ್. ಬೇಕಾಗುವುದು ಕಾದಂಬರಿ ಓದುವ ಇಂಗ್ಲಿಷ್ ಅಲ್ಲ. ಡ್ರಾಯಿಂಗ್ ಮೇಲಿನ ಪದಗಳು, ಮೆಷಿನ್ ಪ್ಯಾನೆಲ್‌ನಲ್ಲಿ ಬರುವ ಅಲಾರಾಂ, ಶಿಫ್ಟ್ ರಿಪೋರ್ಟ್‌ನಲ್ಲಿ ಬರೆಯುವ ನಾಲ್ಕು ಸಾಲು. ನೂರಿನ್ನೂರು ಪದದಲ್ಲಿ ಕೆಲಸ ನಡೆಯುತ್ತದೆ. ಹೊಸೂರು ಗಡಿಯ ಫ್ಯಾಕ್ಟರಿಗಳಿಗೆ ಹೋಗುವವರಿಗೆ ಸ್ವಲ್ಪ ತಮಿಳು, ಬೊಮ್ಮಸಂದ್ರ, ಜಿಗಣಿ ಕಡೆ ಹಿಂದಿ ಕೂಡ ಅಷ್ಟೇ ಉಪಯೋಗಕ್ಕೆ ಬರುತ್ತದೆ. ಇದನ್ನು ಯಾರೂ ಸಿಲೆಬಸ್‌ನಲ್ಲಿ ಹಾಕುವುದಿಲ್ಲ.

ಬಯೋಡೇಟಾದಲ್ಲಿ ಏನು ಬರೀಲಿ? ಅನುಭವವೇ ಇಲ್ಲ.

ಒಂದೇ ಪುಟ ಸಾಕು. ಟ್ರೇಡ್, ಮುಗಿಸಿದ ವರ್ಷ, ಕೈಯಾರೆ ಓಡಿಸಿದ ಮೆಷಿನ್‌ಗಳ ಹೆಸರು, ಮಾಡಿದ ಒಂದೆರಡು ಜಾಬ್. ರಜೆಯಲ್ಲಿ ಮಾವನ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದರೆ ಅದೂ ಅನುಭವವೇ, ಬರೆಯಿರಿ. "ಹಾಬಿ: ಕ್ರಿಕೆಟ್ ನೋಡುವುದು" ಬೇಡ. ಓಡಿಸದ ಮೆಷಿನ್ ಹೆಸರು ಹಾಕಬೇಡಿ, ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ.

ಕೆಲಸ ಕೊಡಿಸ್ತೀವಿ, ಮೊದಲು ಎರಡು ಸಾವಿರ ಕಟ್ಟಿ ಅಂತಾರೆ. ಕಟ್ಟಬಹುದಾ?

ಬೇಡ. ಯೂನಿಫಾರ್ಮ್‌ಗೆ, ಐಡಿ ಕಾರ್ಡ್‌ಗೆ, ಮೆಡಿಕಲ್‌ಗೆ ಅಂತ ಏನೇ ನೆಪ ಹೇಳಿದರೂ ಬೇಡ. ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಆನ್‌ಲೈನ್ ವಂಚನೆಯ ಸಹಾಯವಾಣಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಎಸ್‌ಎಸ್‌ಎಲ್‌ಸಿ ಮತ್ತು ಟ್ರೇಡ್ ಸರ್ಟಿಫಿಕೇಟ್‌ನ ಒರಿಜಿನಲ್ ಕೂಡ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ಚೀಲಕ್ಕೆ.

## ಕೆಲಸಕ್ಕೆ ಸೇರಿದ ಮೇಲೆ

ಅಪ್ರೆಂಟಿಸ್, ಟ್ರೈನಿ, ಕಾಂಟ್ರ್ಯಾಕ್ಟ್, ಪರ್ಮನೆಂಟ್. ಎಲ್ಲರೂ ಒಂದೇ ಲೈನ್‌ನಲ್ಲಿ ಒಂದೇ ಕೆಲಸ ಮಾಡ್ತಾರೆ. ವ್ಯತ್ಯಾಸ ಏನು?

ಕೆಲಸ ಒಂದೇ ಇರಬಹುದು, ಕಾಗದ ಬೇರೆ.

ಅಪ್ರೆಂಟಿಸ್ ಅಂದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಲಿಯುವವರು. ಕಾನೂನಿನ ಕಣ್ಣಲ್ಲಿ ನೀವು ಕಾರ್ಮಿಕರಲ್ಲ. ಸಂಬಳ ಅಲ್ಲ, ಸ್ಟೈಪೆಂಡ್ ಬರುತ್ತದೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಇರುವುದಿಲ್ಲ. ಆದರೆ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಂಪನಿಯದೇ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಇತ್ತು. ಏರಿಸುವ ಮಾತು ಆಮೇಲೆ ಬಂದಿದೆ, ಹಾಗಾಗಿ ಸೇರುವ ದಿನ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಆಗಿನ ದರ ನೋಡಿಕೊಳ್ಳಿ. ನಿಮ್ಮ ಅಪ್ರೆಂಟಿಸ್ ಕರಾರು ಆ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ಅಂತ ಕೇಳುವುದು ನಿಮ್ಮ ಹಕ್ಕು. ಅವಧಿ ಮುಗಿದು ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತದೆ. ರೈಲ್ವೆ, ಸಾರ್ವಜನಿಕ ಉದ್ದಿಮೆಗಳಿಗೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆ ಇದೆ.

ಕಾಂಟ್ರ್ಯಾಕ್ಟ್ ಅಂದರೆ ನಿಮ್ಮ ಮಾಲೀಕರು ಗುತ್ತಿಗೆದಾರರು. ಗೇಟಿನ ಮೇಲೆ ಯಾವ ದೊಡ್ಡ ಹೆಸರಿದ್ದರೂ ಸಂಬಳ, ಪಿಎಫ್ ಕಟ್ಟಬೇಕಾದವರು ಮೊದಲಿಗೆ ಅವರೇ. ಊರಿನಲ್ಲಿ "ನಮ್ಮ ಹುಡುಗ ಇಂಥ ಕಂಪನಿ" ಅಂತ ಹೇಳುವ ಮೊದಲು ಪೇ ಸ್ಲಿಪ್ ಮೇಲೆ ಯಾರ ಹೆಸರಿದೆ ನೋಡಿ. ಇನ್ನು "ಟ್ರೈನಿ" ಅನ್ನುವ ಮಾತಿಗೆ ಒಂದೇ ಅರ್ಥ ಇಲ್ಲ. ಒಬ್ಬೊಬ್ಬರು ಒಂದೊಂದು ಥರ ಬಳಸುತ್ತಾರೆ, ಅದಕ್ಕೇ ಮೋಸ ಜಾಸ್ತಿ ಆಗುವುದು ಅಲ್ಲಿ. ಎಷ್ಟು ತಿಂಗಳು, ಪಿಎಫ್ ಇದೆಯಾ, ಆಮೇಲೆ ಏನು? ಈ ಮೂರನ್ನು ಸೇರುವ ಮೊದಲೇ ಕೇಳಿ, ಉತ್ತರ ನೇಮಕದ ಪತ್ರದಲ್ಲಿ ಇರಲಿ.

ಹದಿನೆಂಟು ಸಾವಿರ ಅಂದಿದ್ರು, ಕೈಗೆ ಹದಿನೈದೂವರೆ ಬಂತು. ಮೋಸ ಅಲ್ವಾ ಇದು?

ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕೋಣ. 18,000ದಲ್ಲಿ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಅಂತಿಟ್ಟುಕೊಳ್ಳಿ. ಪಿಎಫ್ ಅದರ ಶೇ 12, ಅಂದರೆ 1,800. ಇಎಸ್‌ಐ 18,000ದ ಶೇ 0.75, ಅಂದರೆ 135. ಕ್ಯಾಂಟೀನ್ ಮತ್ತು ಬಸ್ಸಿಗೆ 565 ಹಿಡಿದರೆ ಒಟ್ಟು 2,500 ಆಯಿತು. ಕೈಗೆ 15,500. ಇದರಲ್ಲಿ ಮೋಸ ಇಲ್ಲ.

ಪಿಎಫ್ ನಿಮ್ಮ ದುಡ್ಡೇ. ಕಂಪನಿಯೂ ತನ್ನ ಕಡೆಯಿಂದ ಶೇ 12 ಹಾಕುತ್ತದೆ, ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಇಎಸ್‌ಐ ಅನ್ನು ಹುಡುಗರು ದಂಡ ಅಂದುಕೊಳ್ಳುತ್ತಾರೆ. ತಿಂಗಳಿಗೆ 135 ರೂಪಾಯಿಗೆ ನಿಮಗೂ ನಿಮ್ಮ ಮೇಲೆ ಅವಲಂಬಿಸಿದ ಅಪ್ಪ ಅಮ್ಮನಿಗೂ ಚಿಕಿತ್ಸೆ, ಕಾಯಿಲೆ ರಜೆಯಲ್ಲಿ ಸಂಬಳದ ಒಂದು ಪಾಲು, ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಅಪಘಾತವಾದರೂ ಪರಿಹಾರ. ಸಂಬಳ 21,000 ಮೀರದವರಿಗೆ ಇದು ಅನ್ವಯ.

ಮೋಸ ಆಗುವುದು ಎಲ್ಲಿ ಗೊತ್ತಾ? ಒಂದು, ಪೇ ಸ್ಲಿಪ್‌ನಲ್ಲಿ ಪಿಎಫ್ ಹಿಡಿದು ಖಾತೆಗೆ ಕಟ್ಟದಿರುವುದು. ಯುಎಎನ್, ಅಂದರೆ ನಿಮ್ಮ ಹನ್ನೆರಡು ಅಂಕಿಯ ಪಿಎಫ್ ನಂಬರ್, ಕೇಳಿ ಪಡೆದು ಪಾಸ್‌ಬುಕ್ ನೀವೇ ನೋಡಿ. ಎರಡು, ಮಾಲೀಕರ ಪಾಲಿನ ಪಿಎಫ್, ಇಎಸ್‌ಐ ಎಲ್ಲಾ ಸೇರಿಸಿ ಸಿಟಿಸಿ (ನಿಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು) ಲೆಕ್ಕದಲ್ಲಿ "18,000 ಸಂಬಳ" ಅನ್ನುವುದು. ಆಗ ಕೈಗೆ ಬರುವುದು ಇನ್ನೂ ಕಡಿಮೆ. ಸೇರುವಾಗಲೇ "ಕೈಗೆ ಎಷ್ಟು ಬರುತ್ತೆ ಸಾರ್" ಅಂತ ಕೇಳಿ. ಮೂರು, ಓಟಿ. ನಿಗದಿತ ಗಂಟೆ ಮೀರಿ ದುಡಿಸಿದರೆ ಡಬಲ್ ದರ ಕೊಡಬೇಕು ಅಂತ ಕಾನೂನು ಹೇಳುತ್ತದೆ. ಗಂಟೆಗಳನ್ನು ಒಂದು ಪುಟ್ಟ ಡೈರಿಯಲ್ಲಿ ದಿನವೂ ಬರೆದಿಡಿ. ಡೈರಿ ಇದ್ದವರ ಮಾತಿಗೆ ತೂಕ ಇರುತ್ತದೆ.

ಕೆಲಸ ಬದಲಿಸಿದಾಗ ಪಿಎಫ್ ತೆಗೆದು ಮೊಬೈಲ್ ಕೊಳ್ಳಬೇಡಿ. ಅದೇ ಯುಎಎನ್‌ನಲ್ಲಿ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಬೇಕು.

ಸೂಪರ್‌ವೈಸರ್ ಎಲ್ಲರ ಮುಂದೆ ಬಯ್ಯುತ್ತಾರೆ. ಬಿಟ್ಟು ಬರಲಾ?

ಬೈದದ್ದು ಏನಕ್ಕೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲಸಕ್ಕೆ ಬೈದರೋ, ನಿಮ್ಮ ಜಾತಿ, ಊರು, ಅಪ್ಪ ಅಮ್ಮನನ್ನು ಎಳೆದು ಬೈದರೋ?

ಕೆಲಸಕ್ಕಾದರೆ ಆ ಕ್ಷಣ ಎದುರುತ್ತರ ಬೇಡ. ಲೈನ್ ಓಡುತ್ತಿರುವಾಗ ಅವರ ತಲೆಯ ಮೇಲೂ ಯಾರೋ ಕೂತಿರುತ್ತಾರೆ. ಟೀ ಸಮಯದಲ್ಲೋ ಶಿಫ್ಟ್ ಮುಗಿದ ಮೇಲೋ ಒಬ್ಬರೇ ಹೋಗಿ ಮಾತಾಡಿ. "ಸಾರ್, ಬೆಳಗ್ಗೆ ತಪ್ಪಾಯ್ತು. ಈ ಸೆಟ್ಟಿಂಗ್ ಇನ್ನೊಂದು ಸಲ ತೋರಿಸ್ತೀರಾ? ಮತ್ತೆ, ಎಲ್ಲರ ಮುಂದೆ ಅಂದ್ರೆ ಕೈ ನಡುಗುತ್ತೆ, ಪಕ್ಕಕ್ಕೆ ಕರೆದು ಹೇಳಿ." ಈ ಮಾತಿನಲ್ಲಿ ಅಂಜಿಕೆಯೂ ಇಲ್ಲ, ಜಗಳವೂ ಇಲ್ಲ. ಮೊದಲ ಸಲ ಹೇಳುವಾಗ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ಹೇಳಿ ನೋಡಿಕೊಂಡು ಹೋಗಿ, ನಾಚಿಕೆ ಏನಿಲ್ಲ.

ಎರಡನೆಯದಾದರೆ ಅದು ತರಬೇತಿಯ ಭಾಗ ಅಲ್ಲವೇ ಅಲ್ಲ. ದಿನಾಂಕ, ಹೊತ್ತು, ಆಡಿದ ಮಾತು, ಕೇಳಿಸಿಕೊಂಡವರು ಯಾರು ಅಂತ ಬರೆದಿಟ್ಟು ಎಚ್‌ಆರ್‌ಗೆ ಬರಹದಲ್ಲಿ ಕೊಡಿ. ಕೈ ಮಾಡಿದರೆ ಅದೇ ದಿನ. ಬಿಡುವ ತೀರ್ಮಾನ ಆದರೂ ಹೇಳದೆ ಓಡಿಬರಬೇಡಿ. ರಾಜೀನಾಮೆ ಬರೆದುಕೊಟ್ಟು, ಬಾಕಿ ಸಂಬಳ ಮತ್ತು ರಿಲೀವಿಂಗ್ ಪತ್ರ ಪಡೆದು ಬನ್ನಿ. ಮುಂದಿನ ಕೆಲಸಕ್ಕೆ ಅದು ಬೇಕು.

ಒಂದು ಪೀಸ್ ಅಂಡರ್‌ಸೈಜ್ ಆಯ್ತು. ಹೇಳಲಾ, ಸುಮ್ನೆ ಬೇರೆ ಪೀಸ್ ಜೊತೆ ಸೇರಿಸಿಬಿಡಲಾ?

ಹೇಳಿ. ಬೈಗುಳ ಐದು ನಿಮಿಷಕ್ಕೆ ಮುಗಿಯುತ್ತದೆ. ಕೆಟ್ಟ ಪೀಸ್ ಗ್ರಾಹಕರ ಕೈಗೆ ಹೋಗಿ ಇಡೀ ಲಾಟ್ ವಾಪಸ್ ಬಂದರೆ ಯಾರ ಶಿಫ್ಟ್, ಯಾವ ಮೆಷಿನ್ ಅಂತ ಟ್ರೇಸ್ ಮಾಡಿಯೇ ಮಾಡುತ್ತಾರೆ. ಆಗ ಉಳಿಯುವುದು ಕಷ್ಟ. ಹೇಳುವಾಗ ಕಾರಣದ ಸಮೇತ ಹೇಳಿ: ಟೂಲ್ ಸವೆದಿತ್ತಾ, ಆಫ್‌ಸೆಟ್ ತಪ್ಪಾಯಿತಾ, ಅಳತೆ ತೆಗೆಯೋದು ಮರೆತೆವಾ? ಕಾರಣ ಹುಡುಕಿಕೊಂಡು ಬರುವ ಹುಡುಗನಿಗೆ ಸೆಟ್ಟರ್ (ಮೆಷಿನ್ ಸೆಟ್ಟಿಂಗ್ ಮಾಡುವವರು) ಆಗುವ ದಾರಿ ಬೇಗ ಸಿಗುತ್ತದೆ.

ಗಾರ್ಡ್ ತೆಗೆದು ಓಡಿಸು, ಪ್ರೊಡಕ್ಷನ್ ಬೇಕು ಅಂತಾರೆ. ಆಗಲ್ಲ ಅಂದ್ರೆ ಕೆಲಸ ಹೋಗುತ್ತೆ. ಏನು ಮಾಡಲಿ?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ. ಗಾರ್ಡ್ ಅಂದರೆ ಕೈ ಒಳಗೆ ಹೋಗದ ಹಾಗೆ ಮೆಷಿನ್‌ಗೆ ಹಾಕಿದ ತಡೆ. ಪವರ್ ಪ್ರೆಸ್‌ನಲ್ಲಿ ಬೆರಳು ಹೋದವರು ನಮ್ಮ ಕೈಗಾರಿಕಾ ಪ್ರದೇಶಗಳ ಯಾವ ಟೀ ಅಂಗಡಿಯಲ್ಲಾದರೂ ಸಿಗುತ್ತಾರೆ. ಎರಡು ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಟೇಪ್ ಸುತ್ತಿ, ಸೆನ್ಸರ್‌ಗೆ ಪಟ್ಟಿ ಅಂಟಿಸಿ ಓಡಿಸುವುದು ಕೆಲವು ಕಡೆ ಮಾಮೂಲಿ ಆಗಿಬಿಟ್ಟಿದೆ.

ಆಗಲ್ಲ ಅನ್ನುವುದಕ್ಕೂ ಒಂದು ರೀತಿ ಇದೆ. "ಗಾರ್ಡ್ ಹಾಕಿಯೇ ಎಷ್ಟು ಬೇಗ ಆಗುತ್ತೋ ಅಷ್ಟು ಮಾಡ್ತೀನಿ ಸಾರ್. ತೆಗೆದು ಓಡಿಸಬೇಕು ಅಂದ್ರೆ ಲಾಗ್ ಬುಕ್‌ನಲ್ಲಿ ಬರೆದು ಸಹಿ ಮಾಡಿಕೊಡಿ." ಬರೆದುಕೊಡಿ ಅಂದಾಗ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಒಬ್ಬರೇ ಹೇಳುವುದಕ್ಕಿಂತ ಅದೇ ಲೈನಿನ ಇಬ್ಬರು ಮೂವರು ಸೇರಿ ಹೇಳಿದರೆ ಇನ್ನೂ ಒಳ್ಳೆಯದು. ಅಷ್ಟಾದರೂ ಬಲವಂತ ಮಾಡಿದರೆ ಆ ಕೆಲಸ ಹೋದರೂ ಪರವಾಗಿಲ್ಲ. ಬೇರೆ ಕೆಲಸ ಹುಡುಕುವುದಕ್ಕೆ ಹತ್ತು ಬೆರಳು ಬೇಕು.

ಇನ್ನೆರಡು ಮಾತು. ಲೇತ್, ಡ್ರಿಲ್ಲಿಂಗ್ ಮೆಷಿನ್ ತಿರುಗುವಾಗ ಕೈಗವಸು ಹಾಕಬಾರದು, ಬಟ್ಟೆ ಸಿಕ್ಕಿ ಕೈಯನ್ನೇ ಎಳೆಯುತ್ತದೆ. ಪ್ಯಾನೆಲ್ ರಿಪೇರಿ ಮಾಡುವಾಗ ಮೇನ್ ಆಫ್ ಮಾಡಿ ನಿಮ್ಮದೇ ಬೀಗ ಹಾಕಿ, ಹೆಸರಿನ ಟ್ಯಾಗ್ ಕಟ್ಟಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ.

ನೈಟ್ ಶಿಫ್ಟ್ ತಡೆಯೋಕೆ ಆಗ್ತಿಲ್ಲ. ಹಗಲು ನಿದ್ದೆ ಬರಲ್ಲ.

ರೂಮಿನವರ ಜೊತೆ ಮಾತಾಡಿ ಒಂದೇ ಶಿಫ್ಟಿನವರು ಒಂದೇ ರೂಮಿನಲ್ಲಿರುವ ಹಾಗೆ ಮಾಡಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಕಿಟಕಿಗೆ ದಪ್ಪ ಬಟ್ಟೆ, ಫೋನ್ ಬೇರೆ ಮೂಲೆಯಲ್ಲಿ. ರಾತ್ರಿಯ ಕೊನೆಯ ಟೀ ಶಿಫ್ಟ್ ಮುಗಿಯುವ ನಾಲ್ಕೈದು ಗಂಟೆ ಮೊದಲೇ ಆಗಿರಲಿ. ನೈಟ್ ಮುಗಿಸಿ ಹಾಗೇ ಬೈಕಿನಲ್ಲಿ ಊರಿಗೆ ಹೊರಡಬೇಡಿ, ಅದು ಬಹಳ ಅಪಾಯ.

## ದುಡ್ಡು, ರೂಮು, ಮನೆ

ಮನೆಗೂ ಕಳಿಸಬೇಕು, ರೂಮ್ ಬಾಡಿಗೆನೂ ಕಟ್ಟಬೇಕು. ತಿಂಗಳ ಇಪ್ಪತ್ತಕ್ಕೆಲ್ಲ ಜೇಬು ಖಾಲಿ. ಹೇಗೆ ನಿಭಾಯಿಸಲಿ?

ಒಂದು ತಿಂಗಳು ಪ್ರತಿ ಖರ್ಚನ್ನೂ ಬರೆಯಿರಿ. ಬರೆದವರಿಗೆ ಕಾಣುವುದು ಸಾಮಾನ್ಯವಾಗಿ ಒಂದೇ: ಬಾಡಿಗೆ, ಊಟ ಅಲ್ಲ, ಬೈಕ್‌ನ ಇಎಂಐ, ಮೊಬೈಲ್‌ನ ಇಎಂಐ, ಹೊರಗಿನ ತಿಂಡಿ. ಮೊದಲ ವರ್ಷ ಯಾವ ಇಎಂಐ ಕೂಡ ಬೇಡ ಅಂತ ನನ್ನ ಅಭಿಪ್ರಾಯ. ಕೆಲಸ ಖಾಯಂ ಆಗದೆ ಕಂತು ಖಾಯಂ ಆದರೆ, ಗಾರ್ಡ್ ತೆಗೆದು ಓಡಿಸು ಅಂದಾಗ ಆಗಲ್ಲ ಅನ್ನುವ ಧೈರ್ಯವೂ ಹೋಗುತ್ತದೆ.

ಮನೆಗೆ ಎಷ್ಟು ಕಳಿಸುತ್ತೀರಿ ಅನ್ನುವುದನ್ನು ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ, ಒಂದು ಮೊತ್ತ ಗೊತ್ತು ಮಾಡಿ. ಪೇ ಸ್ಲಿಪ್ ಅವರಿಗೂ ತೋರಿಸಿ. "ಹದಿನೆಂಟು ಸಾವಿರ ಬರುತ್ತಲ್ಲ, ಏನು ಮಾಡ್ತಾನೆ" ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ. ಸಾಲದ ಆ್ಯಪ್, ಬೆಟ್ಟಿಂಗ್ ಆ್ಯಪ್ ಫೋನಿನಲ್ಲಿ ಇರುವುದೇ ಬೇಡ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಮಾಡಿಸಿ. ಒಂದು ಅಪಘಾತಕ್ಕೆ, ಇನ್ನೊಂದು ಜೀವಕ್ಕೆ, ತಲಾ 2 ಲಕ್ಷದ ರಕ್ಷಣೆ. ಮನೆಯವರಿಗೆ ವಿಷಯ ಗೊತ್ತಿರಲಿ, ಇಲ್ಲದಿದ್ದರೆ ಮಾಡಿಸಿಯೂ ಪ್ರಯೋಜನ ಇಲ್ಲ.

ಮೂರೇ ತಿಂಗಳಿಗೆ ಮಗ ಕೆಲಸ ಬಿಟ್ಟು ಊರಿಗೆ ಬಂದುಬಿಟ್ಟ. ಸೋಮಾರಿ ಆಗಿದಾನಾ ಅಂತ ಭಯ.

ಸೋಮಾರಿತನ ಅಂತ ತೀರ್ಮಾನ ಮಾಡುವ ಮೊದಲು ಅವನು ಅಲ್ಲಿ ಹೇಗಿದ್ದ ಅಂತ ಕೇಳಿ. ರಾಯಚೂರು ಕಡೆಯ ಹುಡುಗ ನರಸಾಪುರಕ್ಕೋ ಬಿಡದಿಗೋ ಬರುತ್ತಾನೆ. ರೊಟ್ಟಿ ಸಿಗುವುದಿಲ್ಲ, ಅವನ ಮಾತು ಕೇಳಿ ಲೈನಿನವರು ನಗುತ್ತಾರೆ. ಒಂದು ರೂಮಿನಲ್ಲಿ ಆರು ಜನ. ವಾರದ ರಜೆಯಲ್ಲಿ ಹೋಗೋಣ ಅಂದರೆ ಊರು ಒಂದು ರಾತ್ರಿಯ ಪ್ರಯಾಣ. ಹುಟ್ಟಿದಾಗಿನಿಂದ ಬಟ್ಟೆ ಒಗೆದವನಲ್ಲ, ಅನ್ನ ಮಾಡಿದವನಲ್ಲ. ಇಷ್ಟೆಲ್ಲ ಒಂದೇ ತಿಂಗಳಲ್ಲಿ ಬಂದು ಬೀಳುತ್ತದೆ. ಮನೆಗೆ ಫೋನ್ ಮಾಡಿದರೆ "ಎಲ್ಲರೂ ದುಡೀತಾರೆ, ನಿನಗೇನು" ಅಂತ ಕೇಳಿದರೆ ಅವನು ಹೇಳುವುದನ್ನೇ ನಿಲ್ಲಿಸುತ್ತಾನೆ.

ಗಂಡುಮಕ್ಕಳಿಗೆ ಅಡುಗೆ, ಬಟ್ಟೆ, ಲೆಕ್ಕ ಐಟಿಐಗೆ ಹೋಗುವಾಗಲೇ ಕಲಿಸಿ. ಮುಂದಿನ ಸಲ ಊರಿನವರು ಒಬ್ಬರಾದರೂ ಇರುವ ಜಾಗ ನೋಡಿ. ಮಂಕಾಗಿದ್ದಾನೆ, ಊಟ ನಿದ್ದೆ ಬಿಟ್ಟಿದ್ದಾನೆ ಅನಿಸಿದರೆ ಬುದ್ಧಿಮಾತು ಬೇಡ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳು ಎಲೆಕ್ಟ್ರಾನಿಕ್ಸ್ ಮುಗಿಸಿದ್ದಾಳೆ. ಹೆಣ್ಣುಮಗಳನ್ನ ಫ್ಯಾಕ್ಟರಿಗೆ ಕಳಿಸೋದಾ?

ಕಳಿಸಿ. ನರಸಾಪುರ, ದೇವನಹಳ್ಳಿ ಕಡೆ ಮೊಬೈಲ್ ಜೋಡಿಸುವ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಕಳಿಸುವ ಮೊದಲು ಹಾಸ್ಟೆಲ್ ನೀವೇ ಹೋಗಿ ನೋಡಿ, ನೈಟ್ ಶಿಫ್ಟ್ ಇದ್ದರೆ ವಾಹನ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ ಕೇಳಿ.

ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಯಾವ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲ ವಾರವೇ ತಿಳಿದುಕೊಳ್ಳಲಿ. ದೂರು ಮೂರು ತಿಂಗಳೊಳಗೆ ಕೊಡಬೇಕು. ಅದಕ್ಕಿಂತ ದೊಡ್ಡದು ಇನ್ನೊಂದು: ಏನಾದರೂ ಆದರೆ ಮನೆಯಲ್ಲಿ ಹೇಳಬಹುದು, ಹೇಳಿದರೆ ಕೆಲಸ ಬಿಡಿಸುವುದಿಲ್ಲ ಅನ್ನುವ ನಂಬಿಕೆ ಅವಳಿಗಿರಬೇಕು. ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡದಿರುವುದು ಸೂಪರ್‌ವೈಸರ್ ಹೆದರಿಕೆಗಲ್ಲ, ಅಪ್ಪ ವಾಪಸ್ ಕರೆದುಬಿಡುತ್ತಾರೆ ಅನ್ನುವ ಹೆದರಿಕೆಗೆ.

## ಮುಂದೇನು

ಡಿಪ್ಲೊಮಾ ಓದಲಾ, ಕೆಲಸಕ್ಕೆ ಹೋಗಲಾ? ಎಲ್ಲರೂ ಒಂದೊಂದು ಹೇಳ್ತಾರೆ.

ದಾರಿಗಳು ಮೊದಲು ಗೊತ್ತಿರಲಿ. ಎರಡು ವರ್ಷದ ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಟೂಲ್ ಅಂಡ್ ಡೈ ಮೇಲೆ ಆಸೆ ಇದ್ದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ. ಡೆನ್ಮಾರ್ಕ್ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಹಲವು ಜಿಲ್ಲೆಗಳಲ್ಲಿದೆ. ಪಾಠ ಮಾಡುವ ಆಸೆ ಇದ್ದರೆ ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ (ಎನ್‌ಎಸ್‌ಟಿಐ) ಬೋಧಕರ ತರಬೇತಿ ಪಡೆಯಬಹುದು.

ಆಮೇಲೆ ಕಾಗದದ ಮೇಲೆ ಮೂರು ಸಾಲು ಬರೆಯಿರಿ. ಮನೆಯಲ್ಲಿ ಈಗ ದುಡ್ಡಿನ ತುರ್ತು ಎಷ್ಟು? ಗಣಿತ ನನಗೆ ಹೇಗೆ? ಐದು ವರ್ಷದ ಮೇಲೆ ಮೆಷಿನ್ ಪಕ್ಕ ಇರಬೇಕಾ, ಟೇಬಲ್ ಪಕ್ಕ ಇರಬೇಕಾ? ಗೆಳೆಯ ಸೇರಿದ ಅಂತ ಸೇರುವುದು ತೀರ್ಮಾನ ಅಲ್ಲ. ಗಣಿತದ ಭಯ ಇದ್ದು ತುರ್ತೂ ಇದ್ದರೆ ಒಂದು ವರ್ಷ ಅಪ್ರೆಂಟಿಸ್ ಮಾಡಿ ಆಮೇಲೆ ನೋಡಿ, ಬಾಗಿಲು ಮುಚ್ಚುವುದಿಲ್ಲ.

ಎಲೆಕ್ಟ್ರಿಷಿಯನ್ ಮಾಡಿದ್ದೀನಿ. ಊರಲ್ಲೇ ಸ್ವಂತ ಅಂಗಡಿ ಹಾಕೋಣ ಅಂತ. ಆಗುತ್ತಾ?

ಆಗುತ್ತದೆ, ಆದರೆ ಮೊದಲು ಯಾರಾದರೂ ಒಳ್ಳೆಯ ಕಾಂಟ್ರ್ಯಾಕ್ಟರ್ ಹತ್ತಿರ ಒಂದೆರಡು ವರ್ಷ ಕೆಲಸ ಮಾಡಿ. ವೈರಿಂಗ್ ನಿಮಗೆ ಬರುತ್ತದೆ. ಅಲ್ಲಿ ಕಲಿಯಬೇಕಾದ್ದು ಪಾಯಿಂಟ್‌ಗೆ ಎಷ್ಟು ಹೇಳೋದು, ಸಾಮಾನಿನ ದುಡ್ಡು ಮುಂಚೆಯೇ ಕೇಳೋದು ಹೇಗೆ, ಕೆಲಸ ಮುಗಿದ ಮೇಲೆ "ಹಬ್ಬ ಆಗ್ಲಿ ಕೊಡ್ತೀನಿ" ಅನ್ನುವವರ ಹತ್ತಿರ ವಸೂಲಿ ಹೇಗೆ ಅನ್ನುವುದು. ಸ್ವಂತ ಊರಿನಲ್ಲಿ ಅಂಗಡಿ ಮುಳುಗುವುದು ಉದ್ರಿಯಿಂದ. ನೆಂಟರು, ಪರಿಚಯದವರು, ಬೇಡ ಅನ್ನೋಕೆ ಸಂಕೋಚ. "ಸಾಮಾನು ನಿಮ್ಮದು, ಕೂಲಿ ಅರ್ಧ ಮೊದಲು, ಅರ್ಧ ಆಮೇಲೆ" ಅಂತ ಮೊದಲ ದಿನದಿಂದ ಎಲ್ಲರಿಗೂ ಒಂದೇ ನಿಯಮ ಇಡಿ, ಚಿಕ್ಕಪ್ಪನಿಗೂ.

ಪರ್ಮಿಟ್, ಲೈಸೆನ್ಸ್ ವಿಷಯಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಕಚೇರಿಯಲ್ಲಿ ಕೇಳಿ. ಮುದ್ರಾ ಸಾಲದ ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಟೂಲ್ ಕಿಟ್‌ಗೆ ಅದು ಸಾಕು. ಅಂಗಡಿಯ ಒಳಾಂಗಣಕ್ಕೆ ಸಾಲ ಬೇಡ.

ಗಲ್ಫ್‌ಗೆ ವೆಲ್ಡರ್ ಬೇಕು ಅಂತ ಏಜೆಂಟ್ ಒಬ್ಬರು ಫೋನ್ ಮಾಡ್ತಿದ್ದಾರೆ.

ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಸರ್ಕಾರ ನಡೆಸುವ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಆ ಏಜೆಂಟ್ ಹೆಸರು ನೋಂದಣಿ ಆಗಿದೆಯಾ ನೋಡಿ. ಇಲ್ಲದಿದ್ದರೆ ಫೋನ್ ಎತ್ತಬೇಡಿ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸದ ವೀಸಾ ಮಾಡಿಸೋಣ ಅಂದರೆ ಖಂಡಿತ ಬೇಡ. ಕರಾರು ಪತ್ರ ಅರ್ಥವಾಗುವ ಭಾಷೆಯಲ್ಲಿ ಓದಿಸಿಕೊಂಡು ಸಹಿ ಮಾಡಿ, ಒಂದು ಪ್ರತಿ ಮನೆಯಲ್ಲಿ ಇಡಿ.

ರೋಬೋ ಬಂದ್ರೆ ನಮ್ಮ ಟ್ರೇಡ್ ಇರುತ್ತಾ ಸಾರ್?

ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ, ರೋಬೋಟಿಕ್ಸ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನದ ಕೋರ್ಸ್‌ಗಳು ಅಲ್ಲಿಗೆ ಬಂದಿವೆ. ಟ್ರೇಡ್ ಹೋಗುವುದಿಲ್ಲ, ಬದಲಾಗುತ್ತದೆ. ವೆಲ್ಡಿಂಗ್ ಗೊತ್ತಿರುವವನೇ ವೆಲ್ಡಿಂಗ್ ರೋಬೋ ಮಾಡಿದ ಜೋಡಣೆ ಸರಿಯಿದೆಯಾ ಅಂತ ಹೇಳಬಲ್ಲ. ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಬಂದಾಗ ತರಬೇತಿಗೆ ಯಾರು ಬರ್ತೀರಿ ಅಂತ ಕೇಳಿದರೆ ಕೈ ಎತ್ತಿ. ಓಟಿ ಹೋಗುತ್ತೆ ಅಂತ ಹಿಂದೆ ಕೂರಬೇಡಿ.

## ಕಲಿಸುವವರು, ಕೆಲಸ ಕೊಡುವವರು ಕೇಳಿದ್ದು

ಸಿಲೆಬಸ್ ಮುಗಿಸೋಕೇ ಸಮಯ ಇಲ್ಲ. ಇದನ್ನೆಲ್ಲ ಯಾವಾಗ ಕಲಿಸೋದು?

ಬೇರೆ ಪೀರಿಯಡ್ ಬೇಡ, ವರ್ಕ್‌ಶಾಪ್‌ನಲ್ಲೇ ಆಗುತ್ತದೆ. ವಾರಕ್ಕೊಬ್ಬರನ್ನು ಸೂಪರ್‌ವೈಸರ್ ಮಾಡಿ, ಹೆಣ್ಣುಮಕ್ಕಳಿಗೂ ಸರದಿ ಬರಲಿ. ಟೂಲ್ ಕೊಟ್ಟು ವಾಪಸ್ ಪಡೆಯುವ ಲೆಕ್ಕ ಅವರದೇ. ಕಳೆದುಹೋದ ಡ್ರಿಲ್ ಬಿಟ್ ಬಗ್ಗೆ ಗೆಳೆಯನನ್ನೇ ಕೇಳಬೇಕಾದಾಗ ಜನರ ಜೊತೆ ವ್ಯವಹಾರ ಏನು ಅಂತ ತಿಳಿಯುತ್ತದೆ. ಜಾಬ್ ಕೆಟ್ಟಾಗ ಸುಮ್ನೆ ಸೊನ್ನೆ ಹಾಕುವ ಬದಲು "ಯಾಕೆ ಕೆಟ್ಟಿತು, ನಿಂತು ಹೇಳು" ಅನ್ನಿ, ಸರಿಯಾದ ಕಾರಣಕ್ಕೆ ಅಂಕ ಕೊಡಿ. ಹಳೆಯ ವಿದ್ಯಾರ್ಥಿಯೊಬ್ಬರ ಪೇ ಸ್ಲಿಪ್‌ನಲ್ಲಿ ಹೆಸರು ಮುಚ್ಚಿ, ಲೆಕ್ಕದ ಪಾಠಕ್ಕೆ ಅದನ್ನೇ ಬಳಸಿ.

ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ 2007ರಿಂದ ಹಳ್ಳಿಯ ಮಕ್ಕಳನ್ನು ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕೆಲಸದ ಜೊತೆ ದೇಹ, ಮನಸ್ಸು ಎರಡನ್ನೂ ಪಳಗಿಸುತ್ತಾರೆ. ಆ ಸೌಲಭ್ಯ ತಾಲ್ಲೂಕಿನ ಐಟಿಐಗೆ ಇಲ್ಲ, ನಿಜ. ಟೂಲ್ ರೂಮಿನ ಬೀಗದ ಕೈ ವಿದ್ಯಾರ್ಥಿಗೆ ಕೊಡುವುದಕ್ಕೆ ಸೌಲಭ್ಯ ಬೇಕಿಲ್ಲ, ಸ್ವಲ್ಪ ಧೈರ್ಯ ಬೇಕು.

ನಾವು ಸಣ್ಣ ಫ್ಯಾಕ್ಟರಿ ನಡೆಸ್ತೀವಿ. ಈಗಿನ ಹುಡುಗರಿಗೆ ಶಿಸ್ತಿಲ್ಲ, ಹೇಳದೆ ಬಿಟ್ಟು ಹೋಗ್ತಾರೆ. ನೀವು ಕಲಿಸ್ತಿರೋದಾದ್ರೂ ಏನು?

ಹೊತ್ತಿಗೆ ಬರುವುದು, ಹೇಳಿ ರಜೆ ಹಾಕುವುದು, ಫೋನ್ ಜೇಬಿನಲ್ಲಿಡುವುದು ನಾವು ಕಲಿಸಲೇಬೇಕು. ಆ ದೂರು ಒಪ್ಪುತ್ತೇನೆ. ಆದರೆ ನೀವು ಲೈಫ್ ಸ್ಕಿಲ್ಸ್ ಅನ್ನುವಾಗ ನಿಮ್ಮ ಮನಸ್ಸಿನಲ್ಲಿರುವುದು ಕೆಲವೊಮ್ಮೆ ಪ್ರಶ್ನೆ ಕೇಳದ ಹುಡುಗ. ಪೇ ಸ್ಲಿಪ್ ಕೇಳಿದವನನ್ನು "ತಲೆಹರಟೆ" ಅನ್ನುತ್ತೀರಿ. ಮಾತಾಡಲು ಕಲಿತವನು ನಿಮ್ಮ ಹತ್ತಿರವೂ ಮಾತಾಡುತ್ತಾನೆ, ಅದು ಬೇಡ ಅಂದರೆ ಹೇಗೆ? ಹೇಳದೆ ಹೋಗುವವನು ಸಾಮಾನ್ಯವಾಗಿ ಹೇಳಿ ಪ್ರಯೋಜನ ಇಲ್ಲ ಅಂದುಕೊಂಡವನು.

ನಿಮ್ಮ ಕಡೆಯಿಂದ ನಾಲ್ಕು ಮಾಡಿ ನೋಡಿ. ಹೊಸಬರ ಜೊತೆ ಮೊದಲ ತಿಂಗಳು ಒಬ್ಬ ಹಳಬರನ್ನು ಹಾಕಿ, ಬೈಯದವರನ್ನು ಆರಿಸಿ. ಮೊದಲ ಸಂಬಳದ ದಿನ ಪೇ ಸ್ಲಿಪ್ ಅನ್ನು ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿ. ರೂಮ್ ಹುಡುಕಲು ಸಹಾಯ ಮಾಡಿ, ಅಡ್ವಾನ್ಸ್‌ಗೆ ಸ್ವಲ್ಪ ದುಡ್ಡು ಸಂಬಳದಲ್ಲಿ ಹಿಡಿಯುವ ಕರಾರಿನ ಮೇಲೆ ಕೊಡಿ. ಮೂರನೇ ವಾರ ನೀವೇ ಕರೆದು "ಊಟ, ನಿದ್ದೆ ಹೇಗಿದೆ?" ಅಂತ ಕೇಳಿ. ಮೂರನೇ ವಾರ ಯಾಕೆ ಅಂದರೆ, ಮೊದಲ ವಾರ ಎಲ್ಲರೂ "ಚೆನ್ನಾಗಿದೆ ಸಾರ್" ಅನ್ನುತ್ತಾರೆ.